ಮೂರನೆಯ ಪಾದ

ನನ್ನ ಮಗಳು ಯರಗೇರಾದಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಡಾಕ್ಟರೇಟ್ ವ್ಯಾಸಂಗಕ್ಕಾಗಿ ಹೊರಟಿರುವಳು. ರೋಗಿಯೊಡನೆ ಅವನ ಮನೆಯವರನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವುದೇ ಅವಳ ವಿಷಯವು. ‘ರೋಗವು ಒಬ್ಬನದಾದರೆ ಮನೆಯವರಿಗೇಕೆ ಚಿಕಿತ್ಸೆ?’ ಎಂದು ನಾನು ಆಕ್ಷೇಪಿಸಿದೆನು.

‘ಅಪ್ಪಾ, ಚರಕನ ನಾಲ್ಕು ಪಾದಗಳನ್ನು ನನಗೆ ಹೇಳಿಕೊಟ್ಟವರು ನೀವೇ ಅಲ್ಲವೆ?’ ಎಂದಳು. ವೈದ್ಯ, ಔಷಧ, ಉಪಚಾರಕ, ರೋಗಿ: ಈ ನಾಲ್ಕೂ ಕೂಡಿದರೆ ಚಿಕಿತ್ಸೆ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ಮಾನಸಿಕ ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ರೋಗಿಗಳೊಡನೆಯೇ ಇರಿಸಿದ್ದರೆಂಬುದನ್ನೂ ತಿಳಿಸಿದಳು.

ಇವಳ ತಾಯಿಯು ಪಾರ್ಶ್ವವಾಯುವಿನಿಂದ ಮಲಗಿದ್ದ ಎರಡು ವರ್ಷ ನಾನು ಔಷಧವನ್ನು ತಂದುಕೊಟ್ಟೆನು. ಶುಶ್ರೂಷೆಯೆಲ್ಲವೂ ಕಾಲೇಜು ಬಿಟ್ಟು ಬಂದ ಇವಳದು. ‘ನೀನು ಹೇಗಿರುವೆ?’ ಎಂದು ವೈದ್ಯರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮೂರನೆಯ ಪಾದವನ್ನು ಕಂಠಪಾಠ ಮಾಡಿಸಿದವನಿಗೆ ಅದು ಸ್ವಂತ ಮನೆಯಲ್ಲಿ ಕಾಣಲಿಲ್ಲ.

ರಾಯಚೂರಿನ ರೈಲು ನಿಲ್ದಾಣದಲ್ಲಿ ಆ ಪ್ರಶ್ನೆಯನ್ನು ಕೇಳಿದೆನು. ಅವಳು ಬಹಳ ಹೊತ್ತು ಅತ್ತಳು.