ಜಿಲ್ಲಾ ಪರಿಷತ್ತಿನ ಆ ಐದು ವರ್ಷ

ಶಿಕ್ಷಣ ಇಲಾಖೆಯ ತಾಲ್ಲೂಕು ಕಚೇರಿಗೆ ನಾನು ಗುಮಾಸ್ತನಾಗಿ ಸೇರಿದ ಕಾಲದಲ್ಲಿ, ಹಳ್ಳಿಯವರು ಏನೇ ಕೇಳಿದರೂ ನಮ್ಮದು ಒಂದೇ ಉತ್ತರ: ‘ಮೇಲಕ್ಕೆ ಬರೆದಿದ್ದೇವೆ.’ ಆ ‘ಮೇಲೆ’ ಎಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆ ನಡೆಯಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಈ ಚುನಾವಣೆಗೆ ದಾರಿ ಮಾಡಿದ ಕಾಯ್ದೆಯ ಬೆನ್ನೆಲುಬು, ಊರೂರಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡಿದ್ದ ಸಚಿವ ಅಬ್ದುಲ್ ನಜೀರ್ ಸಾಬ್. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಡಿಸಿಗಿಂತ ಹಿರಿಯ ಐಎಎಸ್ ಅಧಿಕಾರಿ! ಡಿಸಿಯೇ ದೇವರೆಂದು ನಂಬಿದ್ದ ನಮ್ಮ ಕಚೇರಿಗೆ ಇದು ಬೇಗ ಅರಗಲಿಲ್ಲ.

ಮಹಿಳೆಯರಿಗೆ ಕಾಲುಭಾಗ ಸ್ಥಾನ ಮೀಸಲಾಗಿತ್ತು. ಹಾಗೆ ಗೆದ್ದ ಒಬ್ಬ ಮಂಡಲ ಸದಸ್ಯೆ ಒಂದು ದಿನ ನೇರ ನನ್ನ ಮೇಜಿಗೆ ಬಂದರು. ‘ನಮ್ಮೂರ ಮೇಷ್ಟ್ರು ಸೋಮವಾರ ಬರೋದೇ ಇಲ್ಲ. ಪುಸ್ತಕದಲ್ಲಿ ಏನೈತೆ, ಓದ್ರಿ ಸ್ವಾಮಿ’ ಎಂದರು. ಶಾಲೆಯಿಂದ ಹಾಜರಿ ಪುಸ್ತಕ ತರಿಸಿದೆವು. ಆಕೆಗೆ ಅಕ್ಷರ ಬಾರದು. ನಾನು ತಾರೀಖು ಓದುತ್ತ ಹೋದಂತೆ, ಸಂತೆ ಯಾವತ್ತು, ಜಾತ್ರೆ ಯಾವತ್ತು, ತಮ್ಮ ಹಸು ಕರು ಹಾಕಿದ್ದು ಯಾವತ್ತು ಎಂದು ತಾಳೆ ಹಾಕಿದರು. ಸೋಮವಾರದ ಸಹಿಗಳೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಬಾರಿಗೆ ಬಿದ್ದಿದ್ದವು. ಮುಂದಿನ ವಾರದಿಂದ ಮೇಷ್ಟ್ರು ಮೊದಲ ಬಸ್ಸಿಗೇ ಇಳಿಯತೊಡಗಿದರು. ಯಾವ ಇನ್‌ಸ್ಪೆಕ್ಟರರ ತಪಾಸಣೆಯೂ ಮಾಡದ ಕೆಲಸವಿದು.

ಎಲ್ಲವೂ ಸೊಗಸಾಗಿತ್ತೆಂದಲ್ಲ. ವರ್ಗಾವಣೆಗೆ ಸದಸ್ಯರ ಚೀಟಿಗಳು ಬರುತ್ತಿದ್ದವು. ಚರಂಡಿ, ರಸ್ತೆ ಕೆಲಸ ಮಂಡಲ ಪ್ರಧಾನರ ಭಾವಮೈದುನರ ಪಾಲಾಗುತ್ತಿತ್ತು. ಆದರೆ ಅದೂ ಊರಿನ ಕಣ್ಣೆದುರೇ ನಡೆಯುತ್ತಿತ್ತು, ಜಗಲಿಯಲ್ಲಿ ಬೈಗುಳವೂ ಬೀಳುತ್ತಿತ್ತು. ಬೆಂಗಳೂರಿನಲ್ಲಿ ನಡೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ನಮ್ಮ ಕಚೇರಿ ಮತ್ತೆ ‘ಮೇಲಕ್ಕೆ ಬರೆದಿದ್ದೇವೆ’ಗೆ ಮರಳಿತು. 1993ರ ಹೊಸ ಪಂಚಾಯಿತಿ ಕಾಯ್ದೆ ಮಹಿಳೆಯರ ಪಾಲನ್ನು ಮೂರನೇ ಒಂದಕ್ಕೆ ಏರಿಸಿತು, ಅದು ಒಳ್ಳೆಯದೇ. ಆದರೆ ಜಿಲ್ಲೆಯ ಕಾರ್ಯಾಂಗದ ಹಿಡಿತ ಅಧ್ಯಕ್ಷರ ಕೈ ಬಿಟ್ಟು ಅಧಿಕಾರಿಯ ಕೈ ಸೇರಿತು. ನನ್ನ ಪ್ರಕಾರ ಕಳೆದುಕೊಂಡದ್ದೇ ಹೆಚ್ಚು.

1992ರ ಕಥೆಯೇ ಮುಂದೆ ಮರುಕಳಿಸಿತು: 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಳೇ ಉರುಳಿದರೂ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳೇ ಕಡತಕ್ಕೆ ಸಹಿ ಹಾಕಿದರು.