ಬಣ್ಣ ನನಗೆ, ಬರಹ ನಿಮಗೆ

ವರ್ಡ್ ಪ್ರೊಸೆಸರಿನಲ್ಲಿ ಪದವನ್ನು ದಪ್ಪ ಮಾಡಬೇಕೆಂದರೆ ಗುಂಡಿ ಒತ್ತಿದರಾಯಿತು. ಅಷ್ಟು ಸಲೀಸಾದದ್ದರಲ್ಲಿ ಏನು ಸುಖ? ನಾನು ಬರೆಯುವುದು ಈಮ್ಯಾಕ್ಸಿನಲ್ಲಿ. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿ, 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರ ಗ್ನೂ ಈಮ್ಯಾಕ್ಸ್ ಆಗಿ ಲೋಕಕ್ಕೆ ದಕ್ಕಿದ ಟೆಕ್ಸ್ಟ್ ಎಡಿಟರು ಅದು. ಪ್ರೋಗ್ರಾಮು ಬರೆಯುವವರ ಆಯುಧ. ಅದರ ಟೂಲ್‌ಬಾರಿನಲ್ಲಿ ದಪ್ಪ, ಓರೆ, ಅಡಿಗೆರೆಗಳ ಗುಂಡಿಗಳಿಲ್ಲ, ಹಳದಿ ಹೈಲೈಟರೂ ಇಲ್ಲ. ಬೇಕಾದವರು ಲಿಸ್ಪ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು, ಮುಚ್ಚದೆ ಉಳಿದ ಆವರಣ ಚಿಹ್ನೆ ಎಲ್ಲಿದೆಯೆಂದು ಹುಡುಕಿ, ತಾವೇ ಕೂರಿಸಿಕೊಳ್ಳಬೇಕು. ಆ ಕೂರಿಸಿಕೊಳ್ಳುವ ಕೆಲಸವೇ ನನ್ನ ಚಟ. ‘ಬರೆಯೋದಕ್ಕಿಂತ ಬಣ್ಣ ಬಳಿಯೋದೇ ಜಾಸ್ತಿ’ ಎಂದು ಮನೆಯಲ್ಲಿ ಗೊಣಗುತ್ತಾರೆ. ಸುಳ್ಳಲ್ಲ.

ಬಣ್ಣಕ್ಕೆ ಇಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಎನ್‌ರಿಚ್ಡ್ ಮೋಡ್. ದಪ್ಪಕ್ಷರ ಕಣ್ಣೆದುರೇ ದಪ್ಪವಾಗಿ ಕಾಣುತ್ತದೆ. ಉಳಿಸಿದಾಗ ಕಡತದೊಳಗೆ ಗುರುತಿನ ಚೀಟಿಗಳಾಗಿ ಕೂರುತ್ತದೆ. 1990ರ ದಶಕದಲ್ಲಿ ಇಮೇಲಿಗೆಂದು ರೂಪಿಸಿದ ನಮೂನೆಯಿದು. ಇಮೇಲು ಎಚ್‌ಟಿಎಂಎಲ್ಲಿನ ಕೈ ಹಿಡಿಯಿತು, ಇದು ಮೂಲೆ ಸೇರಿತು. ಸಾಲದ್ದಕ್ಕೆ, ಇದರ ಸಂದಿಯಿಂದ ಕಿಡಿಗೇಡಿಗಳು ತಮ್ಮ ಕೋಡನ್ನು ಓಡಿಸಬಹುದೆಂದು ಗೊತ್ತಾಗಿ 2017ರಲ್ಲಿ ಈಮ್ಯಾಕ್ಸಿನ 25.3ನೇ ಆವೃತ್ತಿಯನ್ನೇ ತುರ್ತಾಗಿ ಹೊರತಂದರು. ಆದರೂ ನನಗೆ ಇದರ ಮೇಲೆ ಮಮತೆ. ಈಮ್ಯಾಕ್ಸಿನ ಜತೆಗೇ ಬರುವ, ಲೋಕದ ಹತ್ತಾರು ಭಾಷೆಗಳಲ್ಲಿ ನಮಸ್ಕಾರ ಹೇಳುವ ‘ಹಲೋ’ ಕಡತ ಈಗಲೂ ಇದೇ ನಮೂನೆಯಲ್ಲಿದೆ. ಅಲ್ಲಿ ಕನ್ನಡದ ಸಾಲೂ ಇದೆ.

ಎರಡನೆಯದು ಆರ್ಗ್ ಮೋಡ್. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮ್ಮ ಟಿಪ್ಪಣಿಗಳನ್ನು ಓರಣವಾಗಿಡಲು ಶುರುಮಾಡಿದ್ದು. ಎರಡು ನಕ್ಷತ್ರ ಚಿಹ್ನೆಗಳ ನಡುವೆ ಇಟ್ಟ ಪದ ದಪ್ಪ, ಎರಡು ಓರೆಗೆರೆಗಳ ನಡುವಿನದು ಓರೆ. ಆದರೆ ಇಂಗ್ಲಿಷಿನ ಮೈಯಳತೆಗೆ ಹೊಲಿದ ಅಂಗಿ ಇದು. ಮುಗಿಸುವ ನಕ್ಷತ್ರದ ಬೆನ್ನಿಗೆ ಖಾಲಿ ಜಾಗವೋ ವಿರಾಮ ಚಿಹ್ನೆಯೋ ಇರಲೇಬೇಕು. ನಮ್ಮಲ್ಲಿ ಪದ ಒಂಟಿಯಾಗಿ ಓಡಾಡುವುದಿಲ್ಲ. ಪುಸ್ತಕದ ಹೆಸರಿಗೂ ‘ದಲ್ಲಿ’, ‘ವನ್ನು’ ಅಂಟಿಕೊಂಡೇ ಬರುತ್ತವೆ. ಹೆಸರಷ್ಟೇ ದಪ್ಪವಾಗಿ ಪ್ರತ್ಯಯ ತೆಳ್ಳಗಿರಲಿ ಎಂದರೆ, ನಡುವೆ ಅಗಲವೇ ಇಲ್ಲದ ಅದೃಶ್ಯ ಅಕ್ಷರವನ್ನು ತೂರಿಸಬೇಕು. ಆರ್ಗ್‌ನ ಕೈಪಿಡಿಯೇ ಹೇಳಿಕೊಡುವ ಉಪಾಯ. ಪುಟವೇನೋ ಅಂದವಾಗುತ್ತದೆ, ನಾಳೆ ಆ ಪದವನ್ನು ಪ್ರತ್ಯಯ ಸಮೇತ ಹುಡುಕಿದರೆ ಸಿಗದು. ನಡುವೆ ನಕ್ಷತ್ರವೂ ಆ ಅದೃಶ್ಯ ಅತಿಥಿಯೂ ಕೂತಿರುತ್ತವೆ.

ಮೂರನೆಯ ದಾರಿ ಕಡತವನ್ನು ಮುಟ್ಟುವುದೇ ಇಲ್ಲ. ಫಾಂಟ್-ಲಾಕ್ ಎಂಬ ವ್ಯವಸ್ಥೆಗೆ ನಿಯಮ ಕೊಟ್ಟರಾಯಿತು: ಇಂಥ ಅಕ್ಷರಗಳ ಜೋಡಣೆ ಕಂಡರೆ ಇಂಥ ಬಣ್ಣ. ಬಣ್ಣ ಪರದೆಯ ಮೇಲಷ್ಟೇ. ಒಳಗಿನ ಪಠ್ಯ ಇದ್ದ ಹಾಗೇ ಇರುತ್ತದೆ. ನನಗೆ ರುಚಿಸುವುದು ಇದೇ, ಅದಕ್ಕೆ ಕನ್ನಡದವನಾಗಿ ಕಾರಣವೂ ಇದೆ. ಯೂನಿಕೋಡ್ ಬರುವ ಮೊದಲು ನಮ್ಮ ಕಡತಗಳಲ್ಲಿ ಇರುತ್ತಿದ್ದದ್ದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಫಾಂಟ್ ತೊಡಿಸಿದಾಗ ಮಾತ್ರ ಅದು ಕನ್ನಡ. ಫಾಂಟ್ ಬದಲಿಸಿದರೆ ಅರ್ಥವಿಲ್ಲದ ಕಲಸುಮೇಲೋಗರ. ಅಂದರೆ ಆ ಕಾಲದಲ್ಲಿ ನಮ್ಮ ಭಾಷೆಯೇ ಬರೀ ಫಾರ್ಮ್ಯಾಟಿಂಗ್ ಆಗಿತ್ತು! ವೇಷವನ್ನೂ ಪಠ್ಯವನ್ನೂ ಬೇರೆ ಬೇರೆ ಇಡುವುದರ ಬೆಲೆ, ಹಳೆಯ ಫ್ಲಾಪಿಯ ಬರಹಗಳನ್ನು ಉಳಿಸಿಕೊಳ್ಳಲು ಹೆಣಗಿದವರಿಗೆ ಚೆನ್ನಾಗಿ ಗೊತ್ತು.

ಹೀಗೆ ವೇಷ ಕಟ್ಟಲು ಕೂತರೆ ಸಣ್ಣಪುಟ್ಟ ಸಂತೋಷಗಳಿಗೆ ಲೆಕ್ಕವಿಲ್ಲ. ಓರೆ ಅಕ್ಷರ ಕನ್ನಡದ ಸಂಪ್ರದಾಯವಲ್ಲ. ದುಂಡಗಿನ ಅಕ್ಷರವನ್ನು ಬಲಕ್ಕೆ ವಾಲಿಸಿದರೆ ಒತ್ತಕ್ಷರಗಳು ಪಕ್ಕದ ಮನೆಗೆ ಜಾರುತ್ತವೆ. ಹಾಗಾಗಿ ನನ್ನ ಎಡಿಟರಿನಲ್ಲಿ ‘ಇಟಾಲಿಕ್’ ಅಂದರೆ ಓರೆಯಲ್ಲ, ಕಾವಿಯ ಬಣ್ಣ. ಅಡಿಗೆರೆಯದು ಇನ್ನೊಂದು ಕಥೆ. ಅದು ಸಾಮಾನ್ಯವಾಗಿ ಅಕ್ಷರದ ಬುಡಕ್ಕೇ ತಾಗಿ ಹಾಯುತ್ತದೆ. ಇಂಗ್ಲಿಷಿಗೆ ಸರಿ, ‘ಅಮ್ಮ’ನ ಒತ್ತು ಮಾತ್ರ ಕತ್ತರಿಸಿ ಹೋಗುತ್ತದೆ. ಗೆರೆಯನ್ನು ಅಕ್ಷರಗಳ ತೀರಾ ಕೆಳಗಿನ ಅಂಚಿಗೆ ಇಳಿಸುವ ಸೆಟ್ಟಿಂಗ್ ಈಮ್ಯಾಕ್ಸಿನಲ್ಲಿದೆ. ಅದನ್ನು ಹಾಕಿ, ಸಾಲುಗಳ ನಡುವೆ ತುಸು ಉಸಿರು ಬಿಟ್ಟರೆ, ಒತ್ತುಗಳೆಲ್ಲ ಗೆರೆಯ ಮೇಲೆ ಕಾಲು ಚಾಚಿ ಕೂರುತ್ತವೆ.

ಆಮೇಲೆ ಹೈಲೈಟಿನ ಬೇಟೆ. ಆಲ್ಟ್ ಜತೆ ಎಸ್, ಆಮೇಲೆ ಎಚ್, ಆರ್ ಒತ್ತಿ ಪದ ಕೊಟ್ಟರೆ ಅದು ಬಂದಲ್ಲೆಲ್ಲ ಹಳದಿ ಹೊಳೆಯುತ್ತದೆ. ‘ಮರ’ ಎಂದು ಕೊಟ್ಟು ನೋಡಿ: ‘ಅಮರ’ ಹೊಳೆಯುತ್ತದೆ, ‘ಮರಳು’ ಹೊಳೆಯುತ್ತದೆ, ‘ಮರಿ’ಗೂ ಅರ್ಧ ಅರಿಸಿನ. ಗುಣಿತದ ಚಿಹ್ನೆ ಕಂಪ್ಯೂಟರಿಗೆ ಪ್ರತ್ಯೇಕ ಅಕ್ಷರ, ‘ಮರಿ’ಯೊಳಗೆ ‘ಮರ’ ಇದ್ದೇ ಇದೆ. ‘ಮುಂದೆ ಗುಣಿತ ಚಿಹ್ನೆ ಇರಬಾರದು’ ಎಂಬ ಷರತ್ತು ಸೇರಿಸಿ ಜರಡಿಯನ್ನು ಸಣ್ಣದು ಮಾಡುತ್ತ ಹೋಗುವುದರಲ್ಲಿ ಸಂಜೆ ಕಳೆಯುತ್ತದೆ.

ನನ್ನ ಕಾಯಂ ನಿಯಮಗಳು ಕೆಲವಿವೆ. ಇಂಗ್ಲಿಷಿನ ನೆರಳಾಗಿ ನುಸುಳುವ ಅನಗತ್ಯ ‘ಒಂದು’ಗಳಿಗೆ ಗುಲಾಬಿ. ಯಾರು ಮಾಡಿದರೆಂದು ಹೇಳದೆ ಜಾರಿಕೊಳ್ಳುವ ‘ಲಾಗಿದೆ’, ‘ಲಾಯಿತು’ಗಳಿಗೆ ಸರ್ಕಾರಿ ಕಡತದ ಕಂದು. ಮಾರುದ್ದದ ವಾಕ್ಯಕ್ಕೆ ಬೂದಿ ಹಿನ್ನೆಲೆ. ಎಲ್ಲಕ್ಕಿಂತ ಪ್ರೀತಿಯದು ಸೊನ್ನೆಯ ನಿಯಮ. ‘ಅಂಗಡಿ’, ‘ಅ೦ಗಡಿ’: ಇವೆರಡರಲ್ಲಿ ಮೊದಲನೆಯದು ಅನುಸ್ವಾರ, ಎರಡನೆಯದು ಅಂಕೆಯ ಸೊನ್ನೆ. ಎಷ್ಟೋ ಫಾಂಟುಗಳಲ್ಲಿ ಕಣ್ಣಿಗೆ ವ್ಯತ್ಯಾಸವೇ ಕಾಣದು, ಕಂಪ್ಯೂಟರಿಗೆ ಅವು ಬೇರೆ ಬೇರೆ ಪದ. ಹುಡುಕಾಟ ಸೋಲುತ್ತದೆ, ಅಕಾರಾದಿ ಅನುಕ್ರಮ ಕೆಡುತ್ತದೆ. ಅಕ್ಷರದ ಬೆನ್ನಿಗೆ ಅಂಕೆಯ ಸೊನ್ನೆ ಕಂಡರೆ ಕೆಂಪು ಹಚ್ಚು ಎಂಬ ಒಂದೇ ಸಾಲಿನ ನಿಯಮ ಅದನ್ನು ಹಿಡಿದು ನಿಲ್ಲಿಸುತ್ತದೆ. ಎಷ್ಟು ಕಣ್ಣು ಕಿರಿದಾಗಿಸಿದರೂ ಕಾಣದ್ದನ್ನು ಬಣ್ಣ ಕಾಣಿಸಿಬಿಡುತ್ತದೆ.

ವರ್ಡ್ ಪ್ರೊಸೆಸರಿನ ಸಿಂಗಾರ ಓದುವವರಿಗಾಗಿ. ಈ ಸಿಂಗಾರ ಬರೆಯುವವನ ಕಣ್ಣಿಗಾಗಿ. ಓದುವವರ ಕೈಗೆ ಸೇರುವುದು ತೊಳೆದ ಪಠ್ಯ. ಪರದೆಯ ಮೇಲೆ ಈ ಪ್ರಬಂಧದ ಕರಡು ಎಷ್ಟು ಗುಲಾಬಿಯಾಗಿತ್ತೆಂದು ನಿಮಗೆ ತಿಳಿಯುವ ದಾರಿಯಿಲ್ಲ, ಅದೇ ನನ್ನ ಪುಣ್ಯ. ಮುಂದಿನ ನಿಯಮ ಈಗಾಗಲೇ ತಲೆಯಲ್ಲಿ ಸುಳಿಯುತ್ತಿದೆ: ಕೊನೆಯ ಪ್ಯಾರಾದಲ್ಲಿ ಉಪದೇಶ ಕಂಡರೆ ಕೆಂಪು. ಅದನ್ನು ಲಿಸ್ಪಿಗೆ ಹೇಗೆ ಅರ್ಥ ಮಾಡಿಸುವುದು ಎಂಬುದಷ್ಟೇ ಬಾಕಿ.