ಕುರುಡುಮಲೆಯಲ್ಲಿ ಅಪ್ಪ–ಮಗನ ಪಂದ್ಯ

ಹೆಸರಿನಲ್ಲಿ ಕುರುಡು ಇದ್ದರೂ ಕುರುಡುಮಲೆ ಕಣ್ಣಿದ್ದವರು ಕಣ್ತುಂಬ ನೋಡಬೇಕಾದ ಊರು. ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರು. ದಾರಿಯುದ್ದಕ್ಕೂ ಬಂಡೆಗುಡ್ಡಗಳು, ರಾಗಿ ಹೊಲ, ಟೊಮೆಟೊ ತೋಟ, ನಡುನಡುವೆ ಮಾವಿನ ತೋಪು. ಬಸ್ಸಿನಲ್ಲಿ ಕುಳಿತವರ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಇದು ಗಡಿನಾಡು.

ಊರಿನ ಹೆಸರಿಗೂ ಕುರುಡಿಗೂ ನಂಟಿಲ್ಲ ಎನ್ನುತ್ತಾರೆ ಇಲ್ಲಿಯವರು. ದೇವತೆಗಳು ಕೂಡಿದ ಬೆಟ್ಟ ಕೂಡುಮಲೆ, ಸಂಸ್ಕೃತದಲ್ಲಿ ಕೂಟಾದ್ರಿ. ಅದು ಬಾಯಿಂದ ಬಾಯಿಗೆ ಉರುಳಿ ಕುರುಡುಮಲೆ ಆಯಿತಂತೆ. ಕೌಂಡಿನ್ಯ ಮಹರ್ಷಿ ಇಲ್ಲಿ ತಪಸ್ಸು ಮಾಡಿದನೆಂಬ ಕಥೆಯೂ ಇದೆ. ಕೂಡಿದವರು ದೇವತೆಗಳೇ ಹೌದೋ ಅಲ್ಲವೋ, ಈಗಂತೂ ಇಲ್ಲಿ ಬಂದು ಕೂಡುವವರಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳಾದವರೇ ಹೆಚ್ಚು.

ಅವರೆಲ್ಲ ಬರುವುದು ಗಣಪನ ಬಳಿಗೆ. ಏಕಶಿಲೆಯ ಈ ಗಣಪತಿಯ ಎತ್ತರ ಸುಮಾರು ಹದಿಮೂರೂವರೆ ಅಡಿ. ಗರ್ಭಗುಡಿಯ ಬಾಗಿಲಲ್ಲಿ ನಿಂತ ಚಿಕ್ಕ ಮಕ್ಕಳು ಕತ್ತು ಹಿಂದಕ್ಕೆ ಬಾಗಿಸಿದರೇ ಕಿರೀಟ ಕಾಣುವುದು. ತ್ರಿಮೂರ್ತಿಗಳು ಪ್ರತಿಷ್ಠಾಪಿಸಿದ್ದು, ಲಂಕೆಗೆ ಹೊರಟ ರಾಮ ಪೂಜಿಸಿದ್ದು, ಪಾಂಡವರು ಬಂದದ್ದು ಎಂದು ಸ್ಥಳಪುರಾಣ ಯುಗಕ್ಕೊಂದು ಕಥೆ ಕೊಡುತ್ತದೆ. ಈಗಿನ ಗುಡಿ ಕಟ್ಟಿಸಿದ್ದು ವಿಜಯನಗರದ ಕೃಷ್ಣದೇವರಾಯನೆಂಬುದು ಪ್ರತೀತಿ. ಕೈಹಾಕಿದ ಕೆಲಸ ಇಲ್ಲಿಂದ ಶುರುವಾದರೆ ಕೈಗೂಡುತ್ತದೆಂಬ ನಂಬಿಕೆ ಗಟ್ಟಿಯಾಗಿದೆ. ಪರೀಕ್ಷೆಯ ಕಾಲಕ್ಕೆ ವಿದ್ಯಾರ್ಥಿಗಳು ಬರುತ್ತಾರೆ. ಚುನಾವಣೆಯ ಕಾಲಕ್ಕೆ ರಾಜಕಾರಣಿಗಳು ಬರುತ್ತಾರೆ.

ಎಸ್.ಎಂ. ಕೃಷ್ಣ ಅವರು 1999ರಲ್ಲಿ ಪಾಂಚಜನ್ಯ ಯಾತ್ರೆಯನ್ನು ಇಲ್ಲಿಂದ ಹೊರಡಿಸಿ, ಅದೇ ವರ್ಷ ಮುಖ್ಯಮಂತ್ರಿಯಾದರು. ಗಣಪನ ಕೀರ್ತಿ ವಿಧಾನಸೌಧದವರೆಗೂ ಹಬ್ಬಿದ್ದು ಆಮೇಲೆ. 2022ರ ನವೆಂಬರಿನಲ್ಲಿ ಜನತಾದಳ (ಜಾತ್ಯತೀತ) ತನ್ನ ಪಂಚರತ್ನ ಯಾತ್ರೆಗೆ ಇಲ್ಲೇ ಪೂಜೆ ಸಲ್ಲಿಸಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, 2023ರ ಫೆಬ್ರವರಿಯಲ್ಲಿ, ಕಾಂಗ್ರೆಸ್ಸಿನ ಪ್ರಜಾಧ್ವನಿ ಯಾತ್ರೆಯ ಒಂದು ತಂಡವೂ ಇಲ್ಲಿಂದಲೇ ಹೊರಟಿತು. ಪಂದ್ಯ ಒಂದೇ, ತಂಡ ಎರಡು, ಗಣಪ ಒಬ್ಬನೇ. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ 224 ಸ್ಥಾನಗಳಲ್ಲಿ 135 ಕಾಂಗ್ರೆಸ್ಸಿಗೆ ಹೋದವು, ಜನತಾದಳಕ್ಕೆ ಸಿಕ್ಕಿದ್ದು 19. ಆದರೆ ಆ ಹತ್ತೊಂಬತ್ತರಲ್ಲಿ ಗಣಪನ ಸ್ವಂತ ಕ್ಷೇತ್ರವಾದ ಮುಳಬಾಗಿಲೂ ಒಂದು! ದೇವರು ಯಾರ ಕಡೆಗಿದ್ದ ಎಂಬ ಲೆಕ್ಕವನ್ನು ಎರಡು ಕಡೆಯವರೂ ತಮತಮಗೆ ಬೇಕಾದಂತೆ ಬರೆದುಕೊಳ್ಳಬಹುದು. ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಆಗಲೂ ಎದುರಾಳಿಗಳು ಒಬ್ಬರ ಹಿಂದೊಬ್ಬರು ಇಲ್ಲಿ ಬಂದು ಕಾಯಿ ಒಡೆದರೆ ಊರವರಿಗೆ ಅಚ್ಚರಿಯಾಗದು.

ಆದರೆ ನನ್ನ ಮಟ್ಟಿಗೆ ಕುರುಡುಮಲೆಯ ದೊಡ್ಡ ಪಂದ್ಯ ಇದಲ್ಲ. ಅದು ನಡೆದದ್ದು ಸ್ವಲ್ಪ ಆಚೆ ಇರುವ ಸೋಮೇಶ್ವರ ಗುಡಿಯಲ್ಲಿ. ಗಣಪನ ದರ್ಶನ ಮುಗಿಸಿ ಹಾಗೇ ಬಸ್ಸು ಹಿಡಿಯುವವರು ಬಹಳ. ಸೋಮೇಶ್ವರನ ಅಂಗಳದಲ್ಲಿ ಜನ ಕಡಿಮೆ. ಗಣಪನ ಗುಡಿಗಿಂತ ಹಳೆಯದಾದ, ಚೋಳ ಶೈಲಿಯ ಈ ದೇಗುಲವನ್ನು ಅಡಿಪಾಯವಿಲ್ಲದೆ ಬಂಡೆಯ ಮೇಲೇ ಕಟ್ಟಿದ್ದಾರೆ ಎಂದು ಊರವರು ತೋರಿಸುತ್ತಾರೆ. ಅದಾದ ಮೇಲೆ ಮುಖ್ಯ ಸಂಗತಿ ಹೇಳುತ್ತಾರೆ: ಈ ಗುಡಿಯ ಅರ್ಧ ಜಕಣಾಚಾರಿಯದು, ಉಳಿದರ್ಧ ಅವನ ಮಗ ಡಂಕಣಾಚಾರಿಯದು. ಒಂದು ಭಾಗದಲ್ಲಿ ವಿಗ್ರಹಗಳು ಸಣ್ಣವು, ಸರಳವಾದವು. ಇನ್ನೊಂದು ಭಾಗದಲ್ಲಿ ಕೆತ್ತನೆ ಹೆಚ್ಚು ನಯ, ಹೆಚ್ಚು ಸೂಕ್ಷ್ಮ. ಸರಳವಾದದ್ದು ಅಪ್ಪನದು, ನಯವಾದದ್ದು ಮಗನದು.

ಮಕ್ಕಳನ್ನು ಕರೆದುಕೊಂಡು ಹೋಗುವ ಪೋಷಕರಿಗೆ ಒಂದು ಸಲಹೆ. ಯಾವ ಪಕ್ಕ ಯಾರದೆಂದು ಮೊದಲೇ ಯಾರನ್ನೂ ಕೇಳಬೇಡಿ. ಮಕ್ಕಳಿಗೆ ಒಂದು ಸುತ್ತು ಹಾಕಲು ಬಿಡಿ. ಬೆರಳುಗಳನ್ನು ನೋಡಲಿ, ಒಡವೆಗಳ ಮಣಿ ಎಣಿಸಲಿ, ಉಡುಗೆಯ ನೆರಿಗೆ ಕಲ್ಲಿನಿಂದ ಎಷ್ಟು ಬಿಡಿಸಿಕೊಂಡಿದೆ ಎಂದು ಗಮನಿಸಲಿ. ಆಮೇಲೆ ಅವರೇ ತೀರ್ಪು ಹೇಳಲಿ. ಪಠ್ಯಪುಸ್ತಕದ ಶಿಲ್ಪಕಲೆಯ ಪಾಠ ಹತ್ತು ಪುಟದಲ್ಲಿ ಹೇಳಲಾಗದ್ದನ್ನು ಈ ಅರ್ಧ ಗಂಟೆ ಹೇಳೀತು.

ಜಕಣ–ಡಂಕಣರ ಮೊದಲ ಪಂದ್ಯ ಎಲ್ಲರಿಗೂ ಗೊತ್ತಿರುವಂಥದು. 1964ರಲ್ಲಿ ಬಿ.ಎಸ್. ರಂಗಾ ಅವರು ‘ಅಮರಶಿಲ್ಪಿ ಜಕಣಾಚಾರಿ’ ತೆಗೆದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅದು. ಕಲ್ಯಾಣಕುಮಾರರ ಜಕಣನನ್ನು ಕಂಡ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಅವರೇ ಕಥೆ ಹೇಳಿಯಾರು. ಮಗ ಹುಟ್ಟುವ ಮೊದಲೇ ಊರು ಬಿಟ್ಟ ಜಕಣ ಬೇಲೂರಿನಲ್ಲಿ ದೊಡ್ಡ ಹೆಸರು ಮಾಡಿದ. ತಂದೆಯನ್ನು ಹುಡುಕುತ್ತ ಬಂದ ಹುಡುಗ, ಅವನೇ ತಂದೆಯೆಂದು ತಿಳಿಯದೆ, ಅವನು ಕಡೆದ ವಿಗ್ರಹದಲ್ಲಿ ದೋಷವಿದೆ ಎಂದ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆಂದು ಜಕಣ ಶಪಥ ಮಾಡಿದ. ವಿಗ್ರಹಕ್ಕೆ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟು ಹೊಡೆದರೆ ನೀರು, ಮರಳು, ಜೀವಂತ ಕಪ್ಪೆ. ಜಕಣ ಕೈ ಕಳೆದುಕೊಂಡ. ಆ ವಿಗ್ರಹ ಕಪ್ಪೆ ಚೆನ್ನಿಗರಾಯನೆಂದು ಹೆಸರಾಯಿತು. ಕಳೆದುಕೊಂಡ ಕೈ ತುಮಕೂರಿನ ಬಳಿಯ ಕೈದಾಳದಲ್ಲಿ, ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಮರಳಿ ಬಂತು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಹಾಗಾದರೆ ಕುರುಡುಮಲೆ ಮರುಪಂದ್ಯ. ಬೇಲೂರಿನಲ್ಲಿ ಎದುರಾಳಿ ಯಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಇಲ್ಲಿ ಗೊತ್ತಿದೆ. ಬೇಲೂರಿನಲ್ಲಿ ಒಬ್ಬ ಮಾಡಿದ್ದರಲ್ಲಿ ಇನ್ನೊಬ್ಬ ತಪ್ಪು ಹುಡುಕಿದ, ಇಲ್ಲಿ ಒಂದೇ ಗುಡಿಯನ್ನು ಇಬ್ಬರೂ ಹಂಚಿಕೊಂಡು ಕಟ್ಟುತ್ತಾರೆ. ಕೈ ಕತ್ತರಿಸುವ ಶಪಥವಿಲ್ಲ.

ದೊಡ್ಡ ಪಂದ್ಯದ ಹಿಂದಿನ ದಿನ ಪತ್ರಿಕೆಯ ಕ್ರೀಡಾ ಪುಟ ಎರಡು ತಂಡಗಳ ಬಲಾಬಲ ತೂಗುವುದುಂಟು. ಹಾಗೆಯೇ ಇವರನ್ನೂ ತೂಗೋಣ. ಅಪ್ಪನ ಕಡೆ ಅನುಭವವಿದೆ, ಬೇಲೂರಿನ ಹೆಸರಿದೆ. ಜೊತೆಗೆ ಆ ಅನುಭವದ ತೊಂದರೆಯೂ ಇದೆ. ಬೇಲೂರಿನ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುತ್ತದೆ. ಅದರಲ್ಲಿ ಜಡೆಯ ಎಳೆ ಎಳೆ ಬಿಡಿಸಬಹುದು. ಕೋಲಾರ ಸೀಮೆಯದು ಗಟ್ಟಿ ಗ್ರಾನೈಟು. ಇಲ್ಲಿ ಉಳಿ ಜಾರುತ್ತದೆ, ಒಂದು ಅಪ್ಪಟ ಮೂಗು ಮೂಡಿಸಲು ನೂರಾರು ಸಣ್ಣ ಪೆಟ್ಟು ಬೇಕು. ಮೆದು ಕಲ್ಲಿನಲ್ಲಿ ಪಳಗಿದ ಕೈಗೆ ಇದು ಎದುರಾಳಿಯ ನೆಲದಲ್ಲಿ ಆಡಿದಂತೆ. ಮಗನಿಗೆ ಕಣ್ಣು ಚುರುಕು, ಕಲ್ಲಿನೊಳಗಿನ ಕಪ್ಪೆಯನ್ನು ಹೊರಗಿನಿಂದ ಕಂಡವನು. ತೋಳಿನಲ್ಲಿ ಯೌವನದ ಕಸುವಿದೆ, ಸೋತರೂ ಕಳೆದುಕೊಳ್ಳುವ ಹೆಸರಿಲ್ಲ. ಇಬ್ಬರಿಗೂ ಕಲ್ಲು ಒಂದೇ, ಸೂರು ಒಂದೇ. ಇದಕ್ಕಿಂತ ನ್ಯಾಯವಾದ ಅಂಕಣ ಇನ್ನೆಲ್ಲಿ? ಅಲಂಕಾರದ ಲೆಕ್ಕದಲ್ಲಿ ಮಗ ಗೆದ್ದಿದ್ದಾನೆ, ಅನುಮಾನವಿಲ್ಲ. ಆದರೆ ಸರಳ ಕೆತ್ತನೆಯನ್ನು ಸೋಲು ಎನ್ನಲು ನನಗೆ ಮನಸ್ಸು ಬಾರದು. ಗಟ್ಟಿ ಕಲ್ಲು ಎಷ್ಟು ಕೊಡುತ್ತದೋ ಅಷ್ಟನ್ನೇ ಕೇಳುವುದೂ ಒಂದು ವಿದ್ಯೆ, ಅದು ವಯಸ್ಸಾದ ಮೇಲೆ ಬರುವಂಥದು.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಕೈ ಎತ್ತಿಯಾರು: ಜಕಣಾಚಾರಿ ನಿಜವಾಗಿ ಇದ್ದನೆ? ವಿದ್ವಾಂಸರಲ್ಲಿ ಹಲವರು ಅವನನ್ನು ಐತಿಹಾಸಿಕ ವ್ಯಕ್ತಿಯೆಂದು ಒಪ್ಪುವುದಿಲ್ಲ. ಕರ್ನಾಟಕದ ನೂರಾರು ಅನಾಮಿಕ ಶಿಲ್ಪಿಗಳು ಸೇರಿ ಆದ ಒಂದು ಹೆಸರು ಅದು ಎನ್ನಬಹುದು. ಒಂದೇ ಗುಡಿಯಲ್ಲಿ ಎರಡು ಬಗೆಯ ಕೈ ಕಂಡ ಜನ, ಅದಕ್ಕೊಂದು ಕಾರಣ ಬೇಕೆಂದು, ತಮಗೆ ಗೊತ್ತಿದ್ದ ಅಪ್ಪ–ಮಗನನ್ನು ಅಲ್ಲಿಗೆ ಕರೆತಂದಿರಬೇಕು. ಹಾಗೆ ಎರಡು ಕೈ ಕೂಡುವುದಕ್ಕೆ ಈ ಸೀಮೆ ತಕ್ಕ ಜಾಗವೇ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಂಗವಾಡಿಯನ್ನು ಗೆದ್ದ ಚೋಳರು ಕೋಲಾರವನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದರು. 1116ರ ಸುಮಾರಿಗೆ ವಿಷ್ಣುವರ್ಧನ ತಲಕಾಡು ಗೆದ್ದು ಅವರನ್ನು ಹಿಂದಕ್ಕಟ್ಟಿದ. ಅವನು ಗೆದ್ದ ಊರುಗಳನ್ನು ಪೋಣಿಸಿದ ಬಿರುದಾವಳಿಯಲ್ಲಿ ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯ ಹೆಸರೂ ಬರುತ್ತದೆ. ಆ ನಂಗಲಿ ಇದೇ ಮುಳಬಾಗಿಲು ತಾಲ್ಲೂಕಿನದು, ಆಂಧ್ರದ ಗಡಿಗೆ ಹೋಗುವ ಹೆದ್ದಾರಿಯಲ್ಲಿದೆ. ಕರ್ನಾಟಕ–ತಮಿಳುನಾಡು ರಣಜಿ ಪಂದ್ಯ ಬಿಸಿಯೇರುವುದನ್ನು ಕಂಡವರಿಗೆ ಈ ಹಣಾಹಣಿ ಎಷ್ಟು ಹಳೆಯದೆಂದು ಇಲ್ಲಿ ನಿಂತರೆ ತಿಳಿಯುತ್ತದೆ!

ಜಕಣ–ಡಂಕಣರು ಕಥೆಯಾದರೂ ಅಪ್ಪ–ಮಗ ಶಿಲ್ಪಿಗಳು ಕಥೆಯಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಕೂಡಿ ಕೆಲಸ ಮಾಡಿದರು. ಮದನಿಕೆಯರಲ್ಲಿ ದಾಸೋಜನ ಹೆಸರಿಗೆ ನಾಲ್ಕು, ಚಾವಣನ ಹೆಸರಿಗೆ ಐದು ಎಂದು ಎಣಿಸುತ್ತಾರೆ. ನಮಗೆ ಸಿಗುವ ಅಪ್ಪಟ ಅಂಕಪಟ್ಟಿ ಇದೊಂದೇ, ಅದರಲ್ಲೂ ಮಗನದೇ ಒಂದು ಹೆಚ್ಚು. ಆ ಕಾಲದ ಶಿಲ್ಪಿಗಳು ಸಂಕೋಚದವರಲ್ಲ. ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯುವವರೆಂಬ ಅರ್ಥದ ಬಿರುದುಗಳನ್ನು ತಾವು ಕಡೆದ ವಿಗ್ರಹದ ಬುಡದಲ್ಲೇ ಕೊರೆಸಿಕೊಂಡವರು. ಆದರೂ ಚಾವಣ ತನ್ನನ್ನು ಗುರುತಿಸಿಕೊಂಡದ್ದು ದಾಸೋಜನ ಮಗನೆಂದೇ.

ಈ ತಾಲ್ಲೂಕಿಗೆ ಇಂಥ ಪಂದ್ಯಗಳ ಹುಚ್ಚೇ ಇರಬೇಕು. ಮುಳಬಾಗಿಲಿನಿಂದ ಸುಮಾರು ಹದಿಮೂರು ಕಿಲೋಮೀಟರು ದೂರದ ಆವನಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಎನ್ನುತ್ತದೆ ಸ್ಥಳಪುರಾಣ. ಅಶ್ವಮೇಧದ ಕುದುರೆ ಕಟ್ಟಿಹಾಕಿದ ಹುಡುಗರ ಮೇಲೆ ರಾಮ ಯುದ್ಧಕ್ಕೆ ಬಂದದ್ದೂ ಅಲ್ಲಿಗೇ. ಅಲ್ಲೂ ತಂದೆಗೆ ಮಕ್ಕಳು ಯಾರೆಂದು ಗೊತ್ತಿಲ್ಲ, ಅಲ್ಲೂ ಗೆಲುವು ಮಕ್ಕಳದು. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರಿಗೆ ಒಂದೊಂದು ಗುಡಿ ಇರುವ ಆ ಅಂಗಳ ನೊಳಂಬರ ಕಾಲದ್ದು. ಬೇಲೂರು, ಕುರುಡುಮಲೆ, ಆವನಿ ಮೂರು ಕಡೆಯೂ ನಮ್ಮ ಜನ ಮಗನನ್ನೇ ಗೆಲ್ಲಿಸಿದ್ದಾರೆ. ಬೇರೆ ಯಾರಿಂದ ಸೋತರೂ ಕಹಿ, ಮಗನಿಂದ ಸೋತರೆ ಸಿಹಿ ಎಂಬ ಹಿರಿಯರ ಮಾತು ನಮ್ಮಲ್ಲಿ ಹಳೆಯದು. ಪಕ್ಕದ ಮನೆಯ ಹುಡುಗನ ಅಂಕಪಟ್ಟಿ ಕೇಳಿ ರಾತ್ರಿ ನಿದ್ದೆಗೆಡುವ ಇಂದಿನ ಅಪ್ಪಂದಿರು, ತಮ್ಮ ಮಗನ ಎದುರಾಳಿ ಪಕ್ಕದ ಮನೆಯವನೆಂದೇ ತಿಳಿದಿದ್ದಾರೆ. ಸೋಮೇಶ್ವರ ಗುಡಿಯ ಕಥೆ ಕಟ್ಟಿದವರಿಗೆ ಹಾಗನ್ನಿಸಿರಲಿಲ್ಲ.

ಹೋಗುವ ದಾರಿ: ಬೆಂಗಳೂರಿನಿಂದ ಹಳೆಯ ಮದರಾಸು ರಸ್ತೆಯಲ್ಲಿ ಹೊಸಕೋಟೆ, ಕೋಲಾರ ದಾಟಿ ಮುಳಬಾಗಿಲಿಗೆ ಸುಮಾರು ನೂರು ಕಿಲೋಮೀಟರು. ಕೋಲಾರದಿಂದ ಮೂವತ್ತು. ಮುಳಬಾಗಿಲಿಗೆ ರೈಲಿಲ್ಲ, ಬಸ್ಸು ಧಾರಾಳ. ಅಲ್ಲಿಂದ ಕುರುಡುಮಲೆಗೆ ಬಸ್ಸು ತಪ್ಪಿದರೆ ಆಟೋ. ಗಣೇಶ ಚತುರ್ಥಿಯ ಸುಮಾರಿಗೆ ಜಾತ್ರೆಯಂಥ ನೂಕುನುಗ್ಗಲು, ಕೆತ್ತನೆ ನೋಡಬೇಕೆನ್ನುವವರು ಬೇರೆ ದಿನ ಆರಿಸಿಕೊಳ್ಳುವುದು ಮೇಲು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಉಳಿಯ ಗುರುತು ಚೆನ್ನಾಗಿ ಕಾಣುತ್ತದೆ, ನಡುಹಗಲಿನಲ್ಲಿ ಎಲ್ಲ ಒಂದೇ ಬೂದುಬಣ್ಣ. ಒಳಗಿನ ಕಂಬಗಳಿಗೆ ಒಂದು ಟಾರ್ಚು ಇದ್ದರೆ ಅನುಕೂಲ. ಮುಳಬಾಗಿಲಿನಲ್ಲಿ ದೋಸೆ ತಿನ್ನದೆ ಬಂದವರನ್ನು ಈ ಕಡೆಯವರು ಹೋಗಿಬಂದವರ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಂಚು ಗರಿ, ನಡು ಮೆದು, ಮೇಲೆ ತುಪ್ಪ. ಅದನ್ನು ಮುಗಿಸಿ ಮಧ್ಯಾಹ್ನಕ್ಕೆ ಆವನಿ ಸೇರಬಹುದು. ಅಲ್ಲಿ ಸೀತಮ್ಮನ ಗುಡಿಗೆ ಬೆಟ್ಟ ಹತ್ತುವುದಿದ್ದರೆ ನೀರು ಜೊತೆಗಿರಲಿ, ಬಂಡೆ ಬಿಸಿಲಿಗೆ ಬೇಗ ಕಾಯುತ್ತದೆ.